ಲೇಪಾಕ್ಷಿ ದಾರಿಯ ಕಲ್ಲುಸಕ್ಕರೆ

ಹಿಂದೂಪುರದ ಆ ಛತ್ರದ ನಡುಮನೆಯಲ್ಲಿ ಅವತ್ತು ಊಟವಾದ ಮೇಲೆ ನಾವು ಐದು ಜನ ಒಂದು ಚಾಪೆಯ ಸುತ್ತ ಕೂತಿದ್ದೆವು. ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದವಳು ನಮ್ಮಜ್ಜಿ, ಅಮ್ಮನ ತಾಯಿ. ಅವಳ ಎಡಕ್ಕೆ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ. ಬಲಕ್ಕೆ ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ. ಎದುರಿಗೆ ಎಲೆಯಡಿಕೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡವನು ನಮ್ಮ ಮಾವ, ಆ ಹೆಣ್ಣುಮಕ್ಕಳ ನಡುವೆ ಹುಟ್ಟಿದ ಒಬ್ಬನೇ ಗಂಡು. ಕೈಯಲ್ಲಿ ಮೊಬೈಲು ಹಿಡಿದು, ತಲೆ ಕೆಡಿಸಿಕೊಂಡು ಕೂತವಳು ನಾನು. ಅಮ್ಮ ಅಡುಗೆಯವರ ಬಳಿ ಇದ್ದಳು. ಬುದ್ಧಿವಂತೆ, ಈ ಚಾಪೆಯ ಹತ್ತಿರವೂ ಸುಳಿಯಲಿಲ್ಲ.

ಮಾರನೇ ಬೆಳಿಗ್ಗೆ ಒಂದೇ ಛತ್ರದಲ್ಲಿ ಎರಡು ಮದುವೆ. ದೊಡ್ಡಮ್ಮನ ಮಗಳಿಗೆ ಕಲ್ಯಾಣದುರ್ಗದ ಗಂಡು, ಚಿಕ್ಕಮ್ಮನ ಮಗಳಿಗೆ ಚಿಲಮತ್ತೂರಿನ ಗಂಡು. ಎರಡೂ ದಿಬ್ಬಣ ಅವತ್ತು ಹೊತ್ತು ಮುಳುಗುವುದರೊಳಗೆ ಬರಬೇಕು. ಬರಲಿ, ಸಂತೋಷವೇ. ಆದರೆ ಎರಡು ದಿಬ್ಬಣ ಎದುರುಬದುರಾಗಬಾರದು. ಹಾಗೇನಾದರೂ ಆದರೆ ಒಂದರ ಕಳೆಯನ್ನು ಇನ್ನೊಂದು ಕಿತ್ತುಕೊಂಡು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಜೊತೆಗೆ, ಕಲ್ಯಾಣದುರ್ಗದವರೇ ಮೊದಲು ಬರಬೇಕು, ಅವರಿಗೇ ಮೊದಲ ಆರತಿ ಆಗಬೇಕು. ಇದು ಆ ಕಡೆಯಿಂದ ಬಂದ ಕರಾರು. ಆ ಗಂಡಿಗೆ ತಂದೆ ಇರಲಿಲ್ಲ. ತಾಯಿಯ ಅಣ್ಣನೇ ಯಜಮಾನ. ಕುಂದುರ್ಪಿಯಲ್ಲಿ ಕುರಿಮಂದೆ ಇಟ್ಟುಕೊಂಡಿದ್ದ ಹಿರಿಯ. ನಿಶ್ಚಿತಾರ್ಥದ ದಿನ ನೀರಿನ ಚೊಂಬು ತನಗಿಂತ ಮೊದಲು ಇನ್ಯಾರದೋ ಕೈಗೆ ಹೋಯಿತೆಂದು ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದ ಪುಣ್ಯಾತ್ಮ. ದೊಡ್ಡಮ್ಮ ಬೀದಿಯವರೆಗೂ ಓಡಿಹೋಗಿ ಕರೆತಂದು ಕೂರಿಸಿದ್ದಳು.

ಅವಳ ಮಗಳಿಗೆ ಅದಕ್ಕೂ ಮೊದಲು ಒಂದು ಸಂಬಂಧ, ಮದುವೆಯ ಸೀರೆ ತಂದಾದ ಮೇಲೆ, ಮುರಿದುಹೋಗಿತ್ತು. "ಇದೂ ಹಂಗೇ ಆದ್ರೆ ಇನ್ನೊಂದ್ಸಲ ಅರಿಶಿಣ ಹಚ್ಚಿಸ್ಕೊಳ್ಳಲ್ಲ ಅಂದವ್ಳೆ ಕಣಮ್ಮ ನನ್ ಮಗ್ಳು" ಎಂದು ದೊಡ್ಡಮ್ಮ ಬೆಳಗಿನಿಂದ ಯಾರು ಸಿಕ್ಕರೂ ಹೇಳುತ್ತಿದ್ದಳು. ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ನನ್ನನ್ನು ಸಿಕ್ಕಿಸಿದವಳು ಅಜ್ಜಿ.

"ಆಕಾಶ್ದಾಗೆ ಬರೋ ಇಮಾನಗಳ್ನ ಒಂದ್ರ ಹಿಂದೆ ಒಂದು ಇಳಿಸ್ತೀಯಂತಲ್ಲೇ. ನೆಲದ ಮ್ಯಾಲೆ ಬರೋ ಎಲ್ಡು ಗಾಡಿ ಇಳಿಸಕ್ಕಾಗಲ್ವಾ ನಿನ್ನ ಕೈಲಿ?"

"ಇಮಾನದ ಡೈವರು ಹೇಳಿದ ಮಾತು ಕೇಳ್ತಾನೆ ಕಣವ್ವಾ," ಅಂದ ಮಾವ. "ಬೀಗ್ರು ಕೇಳ್ತಾರಾ?"

ಅವನು ಜೀವನದಲ್ಲಿ ಆಡಿದ ಕೆಲವೇ ಸರಿಯಾದ ಮಾತುಗಳಲ್ಲಿ ಅದೂ ಒಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳದೆ ಇದು ಮುಂದಕ್ಕೆ ಹೋಗುವುದಿಲ್ಲ. ಆಗ ನಾನು ದೂರದ ಊರಿನ ವಿಮಾನ ನಿಲ್ದಾಣದಲ್ಲಿದ್ದೆ. ಗೋಪುರದ ಗಾಜಿನ ಹಿಂದೆ ಅಲ್ಲ. ಕೆಳಗಿನ ಮಬ್ಬುಗತ್ತಲ ಕೋಣೆಯಲ್ಲಿ, ರಾಡಾರ್ ಪರದೆಯ ಮುಂದೆ. ಇಳಿಯಲು ಬರುವ ವಿಮಾನಗಳನ್ನು ಸಾಲು ಹಚ್ಚಿ, ಒಂದಕ್ಕೊಂದು ಅಂತರ ಕಾಯ್ದು ಕಳಿಸುವುದು ನಮ್ಮ ಕೆಲಸ. ಆ ದಿನಗಳಲ್ಲಿ ತರಬೇತಿ ಕೋಣೆಯ ಪರದೆಗೆ ಹೊಸದೊಂದು ಸಲಕರಣೆ ಜೋಡಿಸಿ ನಮ್ಮಿಂದ ಅಭ್ಯಾಸ ಮಾಡಿಸುತ್ತಿದ್ದರು. ಎರಡು ದಿಕ್ಕಿನಿಂದ ಬರುವ ಎರಡು ಸಾಲು ಕೊನೆಗೆ ಹತ್ತಿರ ಹತ್ತಿರ ಸೇರುತ್ತವೆ ಅನ್ನಿ. ಎರಡನ್ನೂ ಒಟ್ಟಿಗೆ ನೋಡಿ ಅಂತರ ಅಳೆಯಲು ಕಣ್ಣಿಗೆ ಕಷ್ಟ. ಅದಕ್ಕೆ ಆ ಸಲಕರಣೆ, ಮೊದಲ ಸಾಲಿನ ವಿಮಾನ ನೆಲ ಮುಟ್ಟಲು ಇನ್ನೆಷ್ಟು ದೂರವಿದೆಯೋ ಅಷ್ಟೇ ದೂರದಲ್ಲಿ, ಎರಡನೇ ಸಾಲಿನ ಮೇಲೂ ಅದರದೊಂದು ಗುರುತು ತೋರಿಸುತ್ತದೆ. ಅಲ್ಲಿ ವಿಮಾನ ಇರುವುದಿಲ್ಲ, ಗುರುತು ಮಾತ್ರ. ನಾವು ಅದನ್ನು ನೆರಳು ಅನ್ನುತ್ತಿದ್ದೆವು. ಎರಡನೇ ಸಾಲಿನ ನಿಜವಾದ ವಿಮಾನವನ್ನು ಆ ನೆರಳಿನ ಹಿಂದೆ ತಕ್ಕಷ್ಟು ದೂರದಲ್ಲಿ ಹಿಡಿದಿಟ್ಟರೆ ಸಾಕು, ಎರಡೂ ತಂಟೆಯಿಲ್ಲದೆ ಇಳಿಯುತ್ತವೆ.

ಕೇಳಲು ಸೊಗಸು. ಕೂತು ನೋಡಿ ಗೊತ್ತಾಗುತ್ತದೆ. ಪರದೆಯ ತುಂಬ ನಿಜದಷ್ಟೇ ನೆರಳು. ಮೊದಮೊದಲು ನಾವೆಲ್ಲ ನೆರಳಿಗೇ "ಎಡಕ್ಕೆ ತಿರುಗು" ಎಂದು ಆಜ್ಞೆ ಕೊಟ್ಟು, ಅದು ತಿರುಗದಿದ್ದಾಗ ಸಿಟ್ಟು ಮಾಡಿಕೊಂಡವರೇ. ಕಲಿಸುವವರು ಹಿಂದೆ ಬಂದು ನಿಂತು, "ನೆರಳನ್ನು ನೋಡಿ ಕೆಲಸ ಮಾಡಿ. ನೆರಳಿಗೆ ಕೆಲಸ ಹೇಳಬೇಡಿ" ಅನ್ನುತ್ತಿದ್ದರು. ಆ ಮಾತು ಕೇಳೀ ಕೇಳೀ ಸಾಕಾಗಿ, ಒಂದಷ್ಟು ದಿನ ಈ ನೆರಳುಗಳ ಸಹವಾಸವೇ ಬೇಡವೆಂದು ಮದುವೆಗೆ ರಜೆ ಹಾಕಿ ಊರಿಗೆ ಬಂದಿದ್ದೆ.

ಬಂದವಳು ಮಾಡಿದ್ದೇನು? ಚಾಪೆಯ ಮೇಲೆ ಅದನ್ನೇ ಹೂಡಿದ್ದು.

ನಮ್ಮದು ಮಗ್ಗದ ಮನೆತನ, ನೂಲಿಗೆ ಬರವಿಲ್ಲ. ಚಾಪೆಯ ನಡುವೆ ಒಂದು ಹಿತ್ತಾಳೆ ಚೊಂಬು ಇಟ್ಟೆ. ಅದು ಊರ ಮುಂದಿನ ಸರ್ಕಲ್, ಎರಡು ದಾರಿ ಕೂಡುವ ಜಾಗ. ಅಲ್ಲಿಂದ ಒಂದು ಕೆಂಪು ಎಳೆ ಎಳೆದೆ: ಸೋಮಂದೇಪಲ್ಲಿ, ಪೆನುಕೊಂಡ, ಕಲ್ಯಾಣದುರ್ಗ. ಇನ್ನೊಂದು ಹಳದಿ ಎಳೆ: ಲೇಪಾಕ್ಷಿ, ಚಿಲಮತ್ತೂರು. ಕೆಂಪು ಎಳೆಯ ಮೇಲೆ ಒಂದು ಬಟ್ಟಲಡಿಕೆ ಇಟ್ಟು, ಇದು ಕಲ್ಯಾಣದುರ್ಗದ ಬಸ್ಸು ಅಂದೆ. ಹಳದಿಯ ಮೇಲೆ ಅರಿಶಿಣದ ಕೊಂಬು, ಚಿಲಮತ್ತೂರಿನವರ ವ್ಯಾನು. ಆಮೇಲೆ ತಟ್ಟೆಯಿಂದ ಒಂದು ಕಲ್ಲುಸಕ್ಕರೆ ತೆಗೆದು, ಅಡಿಕೆ ಚೊಂಬಿಗೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ಹಳದಿ ಎಳೆಯ ಮೇಲಿಟ್ಟೆ.

"ಇದ್ಯಾರು?" ಅಂದಳು ಚಿಕ್ಕಮ್ಮ.

"ಯಾರೂ ಅಲ್ಲ. ಕಲ್ಯಾಣದುರ್ಗದವರ ನೆರಳು. ಅಡಿಕೆ ಮುಂದಕ್ಕೆ ಹೋದಷ್ಟು ಇದನ್ನೂ ಸರಿಸಬೇಕು. ನಿಮ್ಮ ಅರಿಶಿಣದ ಕೊಂಬು ಈ ಸಕ್ಕರೆಯನ್ನು ದಾಟಬಾರದು, ಅಷ್ಟೇ."

"ಆ ಬಸ್ಸು ಅಲ್ಲೈತೆ, ಸಕ್ಕರೆ ಇಲ್ಯಾಕೆ?"

"ಇಲ್ಲಿ ಅವರು ಇಲ್ಲ ಚಿಕ್ಕಮ್ಮ. ಇದ್ದಿದ್ದರೆ ಎಲ್ಲಿರುತ್ತಿದ್ದರು ಅನ್ನೋ ಲೆಕ್ಕ."

"ಇಲ್ದೇ ಇರೋರಿಗೆ ಲೆಕ್ಕ ಯಾಕಮ್ಮ" ಎಂದು ಗೊಣಗಿದರೂ ಚಿಕ್ಕಮ್ಮ ಸಕ್ಕರೆ ಸರಿಸುವ ಕೆಲಸ ಒಪ್ಪಿಕೊಂಡಳು. ಒಪ್ಪಿಕೊಂಡ ಕೆಲಸ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ತೊಂದರೆ ಆದದ್ದೇ ಅದರಿಂದ.

ಕಲ್ಯಾಣದುರ್ಗದ ಕಡೆ ಮೊಬೈಲು ಇದ್ದದ್ದು ಗಂಡಿನ ಅಣ್ಣನ ಹತ್ತಿರ. ಮೊದಲ ಸಲ ಫೋನು ಮಾಡಿದಾಗಲೇ, "ವಚ್ಚೇಶಾಮಮ್ಮಾ, ಸೋಮಂದೇಪಲ್ಲಿ ದಾಟೇಶಾಂ" ಅಂದ. ಬಂದೇಬಿಟ್ಟೆವು, ಸೋಮಂದೇಪಲ್ಲಿ ದಾಟಿದೆವು ಎಂದು. ಅವನ ಹಿಂದಿನಿಂದ "ಕುಂದುರ್ಪಿ, ಕುಂದುರ್ಪಿ" ಎಂದು ಕಂಡಕ್ಟರನೊಬ್ಬ ಕೂಗುವುದು ಕೇಳಿಸುತ್ತಿತ್ತು. ಸೋಮಂದೇಪಲ್ಲಿಯಲ್ಲಿ ಕುಂದುರ್ಪಿಗೆ ಯಾರು ಕರೆಯುತ್ತಾರೆ? ಇನ್ನೂ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲೇ ಇದ್ದಾರೆ ಎಂದು ನಾನು ಅಡಿಕೆಯನ್ನು ಎಳೆಯ ತುದಿಯಲ್ಲೇ ಬಿಟ್ಟೆ.

ದೊಡ್ಡಮ್ಮ ಅದನ್ನೆತ್ತಿ ಸೋಮಂದೇಪಲ್ಲಿಗೆ ಇಟ್ಟಳು.

"ದೊಡ್ಡಮ್ಮ, ಅವರು ಹೊರಟೇ ಇಲ್ಲ."

"ದಾಟಿದೀವಿ ಅಂತ ಬಾಯಿ ಬಿಟ್ಟು ಹೇಳವ್ರೆ ಕಣಮ್ಮ. ಬೀಗ್ರ ಮಾತಿಗೆ ಬೆಲೆ ಬ್ಯಾಡ್ವಾ?"

ನಾನು ಅಡಿಕೆಯನ್ನು ಕಲ್ಯಾಣದುರ್ಗಕ್ಕೆ ತಂದೆ. ಅವಳು ಮತ್ತೆ ಮುಂದಕ್ಕಿಟ್ಟಳು. ಚಿಕ್ಕಮ್ಮ ಪ್ರತಿ ಸಲವೂ ಅಷ್ಟೇ ಶ್ರದ್ಧೆಯಿಂದ ಕಲ್ಲುಸಕ್ಕರೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದಳು. ಪರದೆಯ ಮುಂದೆ ಕೂತಾಗ ನನಗೆ ಯಾವ ಪೈಲಟ್ಟೂ ತಾನು ಎಲ್ಲಿದ್ದೇನೆಂದು ಸುಳ್ಳು ಹೇಳಿದವನಲ್ಲ. ಹೇಳಿದರೂ ರಾಡಾರ್ ಕೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಮಾತ್ರ, ಮನೆಯಲ್ಲಿ ಇನ್ನೂ ಸ್ನಾನ ಮಾಡುತ್ತಿರುವವನೂ ಫೋನಿನಲ್ಲಿ "ಬಾಗಿಲ ಹತ್ರ ಇದೀನಿ" ಅನ್ನುತ್ತಾನೆ. ಮೋಸ ಮಾಡಲಿಕ್ಕಲ್ಲ. ಕಾಯುವವರ ಮನಸ್ಸು ನೋಯಬಾರದು, ಅದಕ್ಕೆ. ಈ ಒಳ್ಳೆಯತನ ಕಟ್ಟಿಕೊಂಡು ನಾನೇನು ಮಾಡಲಿ?

ಇನ್ನೊಂದು ಕಡೆ ಚಿಲಮತ್ತೂರಿನವರು. ಹೆದ್ದಾರಿ ಬದಿಯಲ್ಲಿ ವ್ಯಾಪಾರ ಮಾಡುವ ಜನ, ಹೊತ್ತಿನ ಬೆಲೆ ಬಲ್ಲವರು. ಹೇಳಿದ್ದಕ್ಕಿಂತ ಮೊದಲೇ ಹೊರಟು ಲೇಪಾಕ್ಷಿಗೆ ಬಂದಿದ್ದರು. ಅಲ್ಲೇ ತಡೆಯದೆ ವಿಧಿಯಿಲ್ಲ. ಗಂಡಿನ ತಂದೆಗೆ ಫೋನು ಮಾಡಿ, "ಬಸವಣ್ಣನ ದರ್ಶನ ಮಾಡಿಕೊಂಡು ಬನ್ನಿ, ಒಳ್ಳೆಯದಾಗುತ್ತೆ" ಅಂದೆ. ಆ ಒಂಟಿಕಲ್ಲಿನ ಬಸವಣ್ಣನಿಗೆ ಅವರೆಲ್ಲ ಪ್ರದಕ್ಷಿಣೆ ಹಾಕಿದರು. ಮತ್ತೆ ಫೋನು ಮಾಡಿ, "ಇನ್ನೊಂದು ಸುತ್ತು ಹಾಕಿ" ಅಂದೆ. ಹಾಕಿದರು. ಆಕಾಶದಲ್ಲೂ ನಾವು ಹೀಗೆಯೇ, ಜಾಗ ಖಾಲಿಯಾಗುವವರೆಗೆ ವಿಮಾನವನ್ನು ಒಂದೆಡೆ ಸುತ್ತು ಹಾಕಿಸುತ್ತೇವೆ. ಅಲ್ಲಿ ಎಣ್ಣೆ ಮುಗಿಯುತ್ತದೆ. ಇಲ್ಲಿ ಹೆಂಗಸರ ತಾಳ್ಮೆ.

ಹೊತ್ತು ಇಳಿಯುವಾಗ ಆ ತಂದೆಯಿಂದಲೇ ಫೋನು ಬಂತು. ನಡುಮನೆಯಲ್ಲಿ ನನ್ನ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಅಡಿಕೆಯನ್ನೂ ಸಕ್ಕರೆಯನ್ನೂ ಅವುಗಳ ಜಾಗದಲ್ಲಿಟ್ಟು, ಯಾರೂ ಮುಟ್ಟಬೇಡಿ ಎಂದು ಹೇಳಿ ಮಾಳಿಗೆ ಹತ್ತಿದೆ.

"ಇನ್ನೆಷ್ಟು ಸುತ್ತು ಹಾಕ್ಬೇಕಮ್ಮ?" ಅಂದರು ಅವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು. "ಬಸವಣ್ಣನೇ ಎದ್ದು ಸಾಕು ಹೋಗ್ರಪ್ಪ ಅಂತಾನೆ ಅಂತ ಕಾಣ್ತದೆ. ನಿಧಾನಕ್ಕೆ ಹೊಲ್ಡ್ತೀವಿ, ದಾರೀಲಿ ಅಲ್ಲಲ್ಲಿ ನಿಲ್ಲಿಸ್ಕೊಂಡು ಬತ್ತೀವಿ."

ಸರಿ ಅನ್ನದೆ ಏನನ್ನಲಿ. ಆದರೆ ನಿಲ್ಲಿಸಿಕೊಂಡು ಬರಲು ಆ ದಾರಿಯಲ್ಲಿ ಅವರಿಗೇನೂ ಸಿಕ್ಕಿರಲಿಕ್ಕಿಲ್ಲ. ನಾನು ಮಾಳಿಗೆಯಲ್ಲೇ ಅತ್ತಿತ್ತ ತಿರುಗುತ್ತ ಕಲ್ಯಾಣದುರ್ಗದವರ ನಂಬರು ಒತ್ತುತ್ತಿದ್ದೆ. ಹತ್ತಲಿಲ್ಲ. ಕೆಳಗೆ ವಾಲಗ ಶುರುವಾಯಿತು.

ಬಗ್ಗಿ ನೋಡಿದರೆ ವಾಲಗದವರು ಮುಂದೆ, ಆರತಿ ತಟ್ಟೆ ಹಿಡಿದ ದೊಡ್ಡಮ್ಮ ಅವರ ಹಿಂದೆ, ಪಾನಕದ ಬಿಂದಿಗೆ ಹೊತ್ತ ಹೆಂಗಸರು ಅವಳ ಹಿಂದೆ. ಹೋಗುತ್ತಿರುವುದು ಲೇಪಾಕ್ಷಿ ರಸ್ತೆಯ ಕಡೆಗೆ. ನಾನು ಕೂಗಿದೆ. ವಾಲಗದ ಮುಂದೆ ನನ್ನ ಕೂಗು ಯಾವ ಮೂಲೆಗೆ.

ಕೆಳಗಿಳಿದು ಚಾಪೆ ನೋಡಿದೆ. ಕೆಂಪು ಎಳೆಯ ಮೇಲೆ ಏನೂ ಇಲ್ಲ. ಹಳದಿ ಎಳೆಯ ಮೇಲೆ, ಅರಿಶಿಣದ ಕೊಂಬು ಹಿಂದೆ ಲೇಪಾಕ್ಷಿಯಲ್ಲೇ; ಚೊಂಬಿಗೆ ಒತ್ತಿಕೊಂಡು, ಕಲ್ಲುಸಕ್ಕರೆ.

"ಅಡಿಕೆ ಎಲ್ಲಿ ಮಾವ?"

ಮಾವ ಬಾಯಿ ತುಂಬ ಎಲೆ ಇಟ್ಟುಕೊಂಡು ಕೈಯಲ್ಲಿದ್ದ ಅಡಕತ್ತರಿ ತೋರಿಸಿದ. ಕಲ್ಯಾಣದುರ್ಗದ ಬಸ್ಸನ್ನು ಇಡಿಯಾಗಿ ಕತ್ತರಿಸಿ ಅಗಿಯುತ್ತಿದ್ದ.

ಉಳಿದದ್ದನ್ನು ಅಜ್ಜಿ ಹೇಳಿದಳು. ನಾನು ಮಾಳಿಗೆ ಹತ್ತಿದ ಮೇಲೆ ಮಾವನ ಮೊಬೈಲಿಗೆ ಆ ಗಂಡಿನ ಅಣ್ಣ ಫೋನು ಮಾಡಿ, ಇನ್ನೊಂದು ಸಲ, ಸೋಮಂದೇಪಲ್ಲಿ ದಾಟಿದೆವು ಅಂದಿದ್ದಾನೆ. ಚಿಕ್ಕಮ್ಮ, ನಾನು ಕಲಿಸಿದ ಪಾಠದಂತೆ, ಇನ್ನೇನು ಬಂದೇಬಿಟ್ಟರೆಂದು ಸಕ್ಕರೆಯನ್ನು ಚೊಂಬಿನ ಬುಡಕ್ಕೆ ಸರಿಸಿ, ಸೀರೆ ಬದಲಿಸಲು ಒಳಗೆ ಹೋಗಿದ್ದಾಳೆ. ಆಮೇಲೆ ಬಂದ ದೊಡ್ಡಮ್ಮ ಚೊಂಬಿನ ಹತ್ತಿರದ ಸಕ್ಕರೆ ತೋರಿಸಿ, ಬಾಗಿಲಿಗೆ ಬಂದಿರೋರು ಯಾರು ಎಂದು ಕೇಳಿದ್ದಾಳೆ. ಮಾವ "ಕಲ್ಯಾಣದುರ್ಗದೋರು" ಅಂದಿದ್ದಾನೆ. ಸುಳ್ಳಲ್ಲ. ಕೆಂಪು ದಾರಿ ಖಾಲಿ, ಹಳದಿ ದಾರಿಯಲ್ಲಿ ಬೀಗರು. ದಾರಿ ಬದಲಿಸಿ ಲೇಪಾಕ್ಷಿ ಕಡೆಯಿಂದ ಬಂದುಬಿಟ್ಟರು, ಎದುರುಗೊಳ್ಳಲು ಒಬ್ಬರೂ ಇಲ್ಲದಿದ್ದರೆ ಆ ಕುಂದುರ್ಪಿಯವನು ಬಸ್ಸು ತಿರುಗಿಸುತ್ತಾನೆ ಎಂದು ದೊಡ್ಡಮ್ಮ ಎದ್ದುಬಿದ್ದು ಓಡಿದ್ದಾಳೆ.

ನಾನೂ ಚಿಕ್ಕಮ್ಮನೂ ಸರ್ಕಲ್ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ವ್ಯಾನಿನಿಂದ ಇಳಿದ ಗಂಡು ಪೇಟ ಸುತ್ತಿ, ಕೂಲಿಂಗ್ ಗ್ಲಾಸ್ ಹಾಕಿ, ಕುತ್ತಿಗೆ ಮುಚ್ಚುವಷ್ಟು ಹಾರ ಹಾಕಿಕೊಂಡು ನಿಂತಿದ್ದ. ಆ ವೇಷದಲ್ಲಿ ಹೆತ್ತ ತಾಯಿಗೂ ಗುರುತು ಸಿಗುವುದು ಕಷ್ಟ. ದೊಡ್ಡಮ್ಮ ಅವನ ಕಾಲಿಗೆ ನೀರು ಹಾಕಿ, ಆರತಿ ಎತ್ತಿ, ಹಣೆಗೆ ಇಟ್ಟು, ಪಾನಕ ಕುಡಿಸುತ್ತಿದ್ದಳು. ಹುಡುಗ ಮರ್ಯಾದಸ್ಥ. ಕೊಟ್ಟದ್ದನ್ನೆಲ್ಲ ಕುಡಿಯುತ್ತಿದ್ದ.

"ಅಕ್ಕಾ," ಅಂದಳು ಚಿಕ್ಕಮ್ಮ, "ಅದು ನನ್ ಅಳಿಯ ಕಣೇ."

ದೊಡ್ಡಮ್ಮ ಲೋಟ ಹಿಡಿದುಕೊಂಡೇ ಹುಡುಗನ ಕನ್ನಡಕ ತೆಗೆದು ನೋಡಿದಳು. ಆಮೇಲೆ ದಾರಿಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. "ಮುಗೀತು," ಅಂದಳು, "ಮೊದಲ್ನೇ ಆರತಿ ಹೋಯ್ತು. ಆ ಕುಂದುರ್ಪಿಯೋನಿಗೆ ಗೊತ್ತಾದ್ರೆ ಬಸ್ಸಿಂದ ಇಳಿಯಲ್ಲ."

ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಸೋಮಂದೇಪಲ್ಲಿ ದಾಟೇಶಾಂ. ಈ ಸಲ ಹಿಂದಿನಿಂದ ಬಸ್ಸಿನ ಇಂಜಿನ್ನಿನ ಸದ್ದು ನಿಜವಾಗಿಯೂ ಕೇಳಿಸುತ್ತಿತ್ತು.

ಚಿಲಮತ್ತೂರಿನ ಗಂಡಿನ ತಂದೆ ನಮ್ಮ ಮೂವರ ಮುಖ ನೋಡಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅಷ್ಟೇ ತಾನೆ. ನಾವು ಬಂದೇ ಇಲ್ಲ ಅನ್ಕೊಳ್ಳಿ. ವ್ಯಾನು ತಿರುಗಿಸ್ಕೊಂಡು ಹೋಗಿ ಆ ಹುಣಿಸೆ ಮರಗಳ ನೆಳ್ಳಾಗೆ ನಿಂತ್ಕಂತೀವಿ. ಅವ್ರು ಒಳೀಕೆ ಹೋದ್ಮೇಲೆ ಫೋನ್ ಮಾಡಮ್ಮ." ಮಗನ ಕಡೆ ತಿರುಗಿ, "ಗಾಡಿ ಹತ್ತು ಲಾ, ನಿಂಗೇನು, ಎಲ್ಡು ಸಲ ಆರತಿ" ಅಂದರು.

ನೆಲದ ಹತ್ತಿರ ಬಂದ ವಿಮಾನಕ್ಕೆ ಜಾಗ ಸಿಗದಿದ್ದರೆ ಮತ್ತೆ ಮೇಲಕ್ಕೆದ್ದು ಸುತ್ತಿ ಬಾ ಅನ್ನುತ್ತೇವೆ. ನನ್ನ ಕೆಲಸದ ಇಷ್ಟು ವರ್ಷದಲ್ಲಿ ಅದಕ್ಕೆ ಯಾರೂ ಅಷ್ಟು ಚೆನ್ನಾಗಿ ಒಪ್ಪಿದ್ದಿಲ್ಲ.

ಅವರ ವ್ಯಾನಿನ ಧೂಳು ಅಡಗಿತು. ಸೋಮಂದೇಪಲ್ಲಿ ರಸ್ತೆಯಿಂದ ಕಲ್ಯಾಣದುರ್ಗದ ಬಸ್ಸು ಬಂತು. ದೊಡ್ಡಮ್ಮ ಮುಖ ತೊಳೆದು, ಹೊಸ ಬತ್ತಿ ಹಚ್ಚಿ ನಿಂತಳು. ಮೊದಲು ಇಳಿದವನೇ ಕುಂದುರ್ಪಿಯ ಹಿರಿಯ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ನೇರವಾಗಿ ಪಾನಕದ ಬಿಂದಿಗೆಯ ಹತ್ತಿರ ಬಂದು ಬಗ್ಗಿ ನೋಡಿದ. ಕುರಿ ಎಣಿಸುವ ಕಣ್ಣು.

"ಪಾನಕ ಅರ್ಧ ಆಗೈತಲ್ಲ. ನಮಗಿಂತ ಮೊದ್ಲು ಕುಡಿದೋರು ಯಾರು?"

ಮಧ್ಯಾಹ್ನದಿಂದ ಹಿಡಿದಿಟ್ಟಿದ್ದ ಸಿಟ್ಟೆಲ್ಲ ಆಗ ನನ್ನ ನಾಲಿಗೆಗೆ ಬಂತು.

"ನೀವೇ," ಅಂದೆ.

"ನಾವಾ?"

"ಸೋಮಂದೇಪಲ್ಲಿ ದಾಟಿದೆವು ಅಂತ ಊಟದ ಹೊತ್ತಿನಿಂದ ಹೇಳ್ತಾನೇ ಇದ್ದೀರಿ. ಬೀಗರ ಮಾತು ಸುಳ್ಳಾಗುತ್ತಾ? ಬಂದಿರ್ತೀರಿ ಅಂತ ದೊಡ್ಡಮ್ಮ ಆರತಿ ತಗೊಂಡು ಓಡಿಬಂದಳು. ಆಗ ಬಂದಿದ್ದ ನಿಮಗೆ ಆರತಿ ಎತ್ತಾಯ್ತು, ಪಾನಕ ಕೊಟ್ಟಾಯ್ತು. ಈಗ ಬಂದಿರೋ ನಿಮಗೆ ಇನ್ನೊಂದು ಸಲ."

ಅವನು ನನ್ನನ್ನು ನೋಡಿದ. ಆಮೇಲೆ ಫೋನು ಹಿಡಿದಿದ್ದ ಗಂಡಿನ ಅಣ್ಣನನ್ನು ನೋಡಿದ.

"ಊಟದ ಹೊತ್ನಾಗೆ ನಾವೆಲ್ಲಿದ್ವಿ ಲಾ?"

"ಕಲ್ಯಾಣದುರ್ಗದಾಗೆ ಮಾವಾ," ಅಂದ ಅವನು ಮೆಲ್ಲಗೆ. "ಕುಂದುರ್ಪಿ ಬಸ್ಸಿಗೆ ಕಾಯ್ತಿದ್ವಿ. ನೀನು ಬರಬೇಕಿತ್ತಲ್ಲ."

ಬಸ್ಸಿನ ಕಿಟಕಿಯಲ್ಲಿದ್ದ ಒಬ್ಬ ಮುದುಕಿ ಮೊದಲು ನಕ್ಕಳು. ಆಮೇಲೆ ಬಸ್ಸಿನ ಹೆಂಗಸರೆಲ್ಲ ನಕ್ಕರು. ಬೆಳಗಿನಿಂದ ಅವನಿಗಾಗಿ ಬಿಸಿಲಲ್ಲಿ ಕಾದವರು ಅವರೇ ಅಲ್ಲವೇ. ಕುಂದುರ್ಪಿಯ ಹಿರಿಯ ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. ದೊಡ್ಡಮ್ಮನ ಮುಂದೆ ಕೈಯೊಡ್ಡಿ, "ಈಗ ಬಂದೋನ್ಗೂ ಒಂದು ಲೋಟ ಹಾಕು ತಾಯಿ, ಗಂಟ್ಲು ಒಣಗೈತೆ" ಅಂದ.

ದೊಡ್ಡಮ್ಮ ಆರತಿ ಎತ್ತಿದಳು. ಆ ದಿಬ್ಬಣ ಛತ್ರದ ಒಳಗೆ ಹೋದ ಮೇಲೆ ನಾನು ಫೋನು ಮಾಡಿದೆ. ಹುಣಿಸೆ ಮರಗಳ ಕಡೆಯಿಂದ ವ್ಯಾನು ಬಂತು. ಚಿಕ್ಕಮ್ಮನ ಅಳಿಯನಿಗೆ ಎರಡನೇ ಸಲ ಆರತಿಯಾಯಿತು. ಮಾರನೇ ಬೆಳಿಗ್ಗೆ ಎರಡೂ ಮದುವೆ ನಡೆದವು. ಚಾಪೆ ಸುತ್ತುವಾಗ ಕಲ್ಲುಸಕ್ಕರೆ ಸಿಗಲಿಲ್ಲ. ಅದನ್ನೂ ಮಾವನೇ ತಿಂದಿರಬೇಕು.

ಆ ವರ್ಷದ ದೀಪಾವಳಿಗೆ ಕಲ್ಯಾಣದುರ್ಗದ ಅಳಿಯನನ್ನು ಕರೆದಿದ್ದರು. ಕುಂದುರ್ಪಿಯ ಆ ಸೋದರಮಾವನೂ ಜೊತೆಗೆ ಹೊರಟ. ಸೋಮಂದೇಪಲ್ಲಿ ದಾಟಿದೆವು ಎಂದು ಫೋನು ಬಂತು. ದೊಡ್ಡಮ್ಮ "ಆಯ್ತಪ್ಪ, ಬನ್ನಿ" ಅಂದು, ಅಕ್ಕಿಯನ್ನೂ ನೆನೆಹಾಕದೆ ಪಕ್ಕದ ಮನೆಯವರ ಜೊತೆ ಮಾತಾಡುತ್ತ ಕೂತಳು. ಆ ಸಲ ಅವರು ನಿಜವಾಗಿಯೂ ದಾಟಿದ್ದರು. ಅನ್ನ ಬೇಯುವವರೆಗೂ ಅಳಿಯ, ಸೋದರಮಾವ ಇಬ್ಬರೂ ಜಗುಲಿಯ ಮೇಲೆ ಕೂತು, ದೊಡ್ಡಮ್ಮ ಕೊಟ್ಟ ಕಡಲೆಕಾಯಿ ಸುಲಿದು ತಿಂದರು.